ನಾಲ್ಕು ರೂಮು, ಒಂದು ಸ್ಟ್ರೀಮು: ಈ ಸಲ ನಾವೇ ಮಾಡೋಣ

ಈ ವರ್ಷದ ಫೆಸ್ಟ್‌ಗೆ ಲೈವ್ ಸ್ಟ್ರೀಮ್ ಹೇಗೆ ಮಾಡಬೇಕು ಅಂತ ಕಮಿಟಿಯಲ್ಲಿ ಮಾತು ಶುರುವಾಗಿದೆ. ಸದ್ಯಕ್ಕೆ ಮೂರು ಪ್ರಸ್ತಾವ ಇವೆ. ಹೋದ ಸಲದ ಥರಾನೇ ಹೊರಗಿನವರಿಗೆ ಕಾಂಟ್ರ್ಯಾಕ್ಟ್ ಕೊಡೋದು ಒಂದು. ಪ್ರತಿ ರೂಮಲ್ಲೂ ಒಬ್ಬ ವಾಲಂಟಿಯರ್ ಫೋನ್ ಹಿಡಿದುಕೊಂಡು ಇನ್‌ಸ್ಟಾಗ್ರಾಮ್ ಲೈವ್ ಹೋಗೋದು ಇನ್ನೊಂದು. ಎಲ್ಲಾ ರೂಮುಗಳನ್ನೂ ಸೇರಿಸಿ ನಾವೇ ಒಂದು ಸ್ಟ್ರೀಮ್ ನಡೆಸೋದು ಮೂರನೇದು. ನನ್ನ ಓಟು ಮೂರನೇದಕ್ಕೆ. ಯಾಕೆ ಅಂತ ಸ್ವಲ್ಪ ಉದ್ದವಾಗೇ ಇಲ್ಲಿ ಬರೀತೀನಿ. ವಾಟ್ಸ್‌ಆ್ಯಪ್ ಗ್ರೂಪಲ್ಲಿ ಹೇಳೋಕೆ ಹೋದ್ರೆ ಐದನೇ ಮೆಸೇಜಿಗೇ ಸ್ಟಿಕರ್‌ಗಳು ಶುರುವಾಗುತ್ತವೆ.

ಹೋದ ವರ್ಷ ಏನಾಯ್ತು ಅಂತ ನೆನಪಿಸಿಕೊಳ್ಳಿ. ಬಂದವರು ಮೂರು ದೊಡ್ಡ ಕ್ಯಾಮೆರಾ ತಂದ್ರು, ಮೂರನ್ನೂ ಮೇನ್ ಆಡಿಟೋರಿಯಂನಲ್ಲೇ ಇಟ್ರು. ಅಲ್ಲಿ ಡ್ಯಾನ್ಸು, ಫ್ಯಾಷನ್ ಶೋ, ಬ್ಯಾಂಡು. ಅದು ತಪ್ಪಲ್ಲ, ಜನ ನೋಡೋದು ಅದನ್ನೇ ಹೆಚ್ಚು. ಆದ್ರೆ ಅದೇ ಹೊತ್ತಿಗೆ ಸೆಮಿನಾರ್ ಹಾಲ್‌ನಲ್ಲಿ ಕನ್ನಡ ಚರ್ಚಾಸ್ಪರ್ಧೆಯ ಫೈನಲ್, ಮೆಕ್ಯಾನಿಕಲ್ ಬ್ಲಾಕಿನ ಡ್ರಾಯಿಂಗ್ ಹಾಲ್‌ನಲ್ಲಿ ಕ್ವಿಜ್ಜು, ಲೈಬ್ರರಿ ಮೇಲಿನ ರೂಮಲ್ಲಿ ಏಕಪಾತ್ರಾಭಿನಯ ನಡೀತಿತ್ತು. ಈ ಮೂರೂ ಕಡೆ ಕ್ಯಾಮೆರಾ ಇರಲಿಲ್ಲ. ನಮ್ಮ ಸೆಕ್ಷನ್ನಿನ ಒಬ್ಬಳು ಚರ್ಚೆಯ ಫೈನಲ್‌ಗೆ ಬಂದಿದ್ದಳು. ಹತ್ತನೇ ಕ್ಲಾಸಿನವರೆಗೂ ಕನ್ನಡ ಮೀಡಿಯಂ, ವಿಜಯಪುರದ ಕಡೆಯವಳು. ಮಗಳು ಮಾತಾಡೋದು ನೋಡಬೇಕು ಅಂತ ಅವಳ ಮನೆಯವರು ಲಿಂಕ್ ಓಪನ್ ಮಾಡಿಕೊಂಡು ಕೂತಿದ್ರು. ಅವರಿಗೆ ಸಿಕ್ಕಿದ್ದು ಬ್ಯಾಂಡ್‌ನವರ ‘ಹಲೋ ಚೆಕ್, ಒನ್ ಟೂ ತ್ರೀ’, ಅದೂ ನಲವತ್ತು ನಿಮಿಷ. ಖಾಲಿ ಸ್ಟೇಜು, ಹೊಗೆ ಮೆಷಿನ್ನಿನ ಹೊಗೆ, ನಡುವೆ ಓಡಾಡುತ್ತಿದ್ದ ಒಬ್ಬ ಸ್ಕ್ರೂಡ್ರೈವರ್ ಹಿಡಿದ ಅಣ್ಣ. ಅವಳಿಗೆ ಮೊದಲ ಬಹುಮಾನ ಬಂತು. ಆ ಮಾತಿನ ಒಂದು ನಿಮಿಷದ ವಿಡಿಯೋ ಕೂಡ ಇವತ್ತು ಎಲ್ಲೂ ಇಲ್ಲ.

ಕಾಂಟ್ರ್ಯಾಕ್ಟ್‌ನವರನ್ನ ಬೈಯೋಕೆ ಇದನ್ನ ಹೇಳ್ತಾ ಇಲ್ಲ. ಅವರಿಗೆ ‘ಫೆಸ್ಟ್ ಸ್ಟ್ರೀಮ್ ಮಾಡಿ’ ಅಂತ ಹೇಳಿದ್ವಿ, ಅವರು ದೊಡ್ಡ ಹಾಲನ್ನೇ ಫೆಸ್ಟ್ ಅಂದ್ಕೊಂಡ್ರು. ಯಾವ ರೂಮಲ್ಲಿ ಯಾರು ಏನು ಹೇಳ್ತಾ ಇದ್ದಾರೆ ಅನ್ನೋದು ಹೊರಗಿಂದ ಬಂದವರಿಗೆ ಹೇಗೆ ಗೊತ್ತಾಗಬೇಕು?

ಈಗ ಎರಡನೇ ಪ್ರಸ್ತಾವ. ನಾಲ್ಕು ರೂಮು, ನಾಲ್ಕು ಫೋನು, ನಾಲ್ಕು ಲಿಂಕು. ಕೇಳೋಕೆ ಸುಲಭವಾಗಿದೆ, ಪ್ರಜಾಪ್ರಭುತ್ವದ ಥರಾನೂ ಇದೆ. ದೊಡ್ಡ ದೊಡ್ಡ ಕಡೆ ರೂಮಿಗೊಂದು ಸ್ಟ್ರೀಮ್ ಮಾಡೋದೂ ನಿಜ. ಬ್ರಸೆಲ್ಸ್‌ನ ಯೂನಿವರ್ಸಿಟಿ ಕ್ಯಾಂಪಸ್ಸಿನಲ್ಲಿ ಪ್ರತಿ ವರ್ಷ ಫಾಸ್‌ಡೆಮ್ ಅಂತ ಓಪನ್ ಸೋರ್ಸ್ ಸಮ್ಮೇಳನ ನಡೆಯುತ್ತೆ. ಎಂಟ್ರಿ ಫೀಸಿಲ್ಲ, ರಿಜಿಸ್ಟ್ರೇಷನ್ ಇಲ್ಲ. ಹತ್ತಾರು ಕ್ಲಾಸ್‌ರೂಮುಗಳಲ್ಲಿ ಒಟ್ಟಿಗೆ ಮಾತುಗಳು ನಡೀತಾವೆ. ಅವರು ರೂಮುಗಳಿಗೆ ತಾವೇ ಕಟ್ಟಿದ ವಿಡಿಯೋ ಪೆಟ್ಟಿಗೆಗಳನ್ನ ಇಡ್ತಾರೆ, ಮಾತಾಡುವವರ ಲ್ಯಾಪ್‌ಟಾಪಿನ ಪರದೆ ಮತ್ತು ಕ್ಯಾಮೆರಾ ಎರಡೂ ಅದರ ಮೂಲಕ ಹೋಗಿ ಆ ರೂಮಿನದೇ ಸ್ಟ್ರೀಮ್ ಆಗುತ್ತೆ. ನಮ್ಮ ಕರ್ನಾಟಕ ಹೈಕೋರ್ಟ್ ಕೂಡ ಹಾಗೇ. 2022ರ ಜನವರಿಯಿಂದ ಲೈವ್ ಸ್ಟ್ರೀಮಿಂಗ್‌ಗೆ ಅಂತಲೇ ನಿಯಮಗಳು ಜಾರಿಯಲ್ಲಿವೆ, ಬೆಂಗಳೂರು, ಧಾರವಾಡ, ಕಲಬುರಗಿ ಪೀಠಗಳ ಕೋರ್ಟ್ ಹಾಲ್‌ಗಳು ಯೂಟ್ಯೂಬಿನಲ್ಲಿ ಬೇರೆ ಬೇರೆಯಾಗಿ ಬರ್ತಾವೆ.

ಆದ್ರೆ ಅಲ್ಲಿ ನೋಡೋರು ಯಾರು? ಕೋರ್ಟ್ ನೋಡೋನಿಗೆ ತನ್ನ ಕೇಸು ಎಷ್ಟನೇ ಹಾಲಲ್ಲಿದೆ ಅಂತ ಗೊತ್ತು. ಫಾಸ್‌ಡೆಮ್ ನೋಡೋನು ವೇಳಾಪಟ್ಟಿ ಓದಿಕೊಂಡೇ ಕೂತಿರ್ತಾನೆ. ನಮ್ಮ ಫೆಸ್ಟ್ ನೋಡೋರು ಅಪ್ಪ-ಅಮ್ಮ, ಊರಲ್ಲಿರೋ ಅಣ್ಣ-ತಂಗಿ, ಹೋದ ವರ್ಷ ಪಾಸಾಗಿ ಹೋದ ಸೀನಿಯರ್ಸು, ಜ್ವರ ಬಂದು ಹಾಸ್ಟೆಲಲ್ಲೇ ಮಲಗಿರೋರು. ಅವರು ಒಂದು ಲಿಂಕ್ ಒತ್ತುತ್ತಾರೆ. ಅದರಲ್ಲಿ ಏನೂ ಇಲ್ಲ ಅಂದ್ರೆ ಎರಡನೇ ಲಿಂಕ್ ಹುಡುಕಲ್ಲ, ಮುಚ್ಚಿಟ್ಟು ಕೆಲಸಕ್ಕೆ ಹೋಗ್ತಾರೆ. ನಾಲ್ಕು ಲಿಂಕ್ ಮಾಡಿದ್ರೆ ಮೇನ್ ಆಡಿಟೋರಿಯಂಗೆ ಮುನ್ನೂರು ಜನ, ಚರ್ಚೆಗೆ ಏಳು ಜನ, ಅದರಲ್ಲಿ ಮೂರು ಜನ ನಮ್ಮ ಕ್ಲಬ್ಬಿನವರೇ ಬೇರೆ ಬೇರೆ ಫೋನಲ್ಲಿ. ಒಂದೇ ಸ್ಟ್ರೀಮಾದ್ರೆ ಡ್ಯಾನ್ಸ್ ನೋಡೋಕೆ ಬಂದವರ ಮುಂದೆ ಚರ್ಚೆ ಬರುತ್ತೆ. ಎಲ್ಲರೂ ನೋಡ್ತಾರೆ ಅಂತಲ್ಲ, ಆದ್ರೆ ಒಂದಷ್ಟು ಜನ ಅಲ್ಲೇ ನಿಲ್ತಾರೆ. ನನಗೆ ಬೇಕಾಗಿರೋದು ಅಷ್ಟೇ.

ಒಂದೇ ಸ್ಟ್ರೀಮ್ ಅಂದ ತಕ್ಷಣ ಕೆಲವರು ‘ಓ, ಪರದೆಯನ್ನ ನಾಲ್ಕು ಚೌಕ ಮಾಡಿ ನಾಲ್ಕೂ ರೂಮ್ ತೋರಿಸೋಣ’ ಅಂತಾರೆ. ದಯವಿಟ್ಟು ಬೇಡ. ನೋಡೋರೆಲ್ಲ ಫೋನಲ್ಲಿ ನೋಡ್ತಾರೆ. ಆರು ಇಂಚಿನ ಪರದೆಯನ್ನ ನಾಲ್ಕು ಮಾಡಿದ್ರೆ ಒಂದೊಂದು ಚೌಕ ಮೂರು ಇಂಚು. ಅದರಲ್ಲಿ ಮುಖ ಕಡಲೆಕಾಳಿನಷ್ಟು. ಮೇಲಾಗಿ ಚಿತ್ರ ನಾಲ್ಕು ತೋರಿಸಬಹುದು, ಶಬ್ದ ನಾಲ್ಕು ಕೇಳಿಸೋಕಾಗಲ್ಲ. ಯಾರದೋ ಒಬ್ಬರ ದನಿ, ಉಳಿದ ಮೂರು ಕಡೆ ಬಾಯಿ ಆಡಿಸೋ ಬೊಂಬೆಗಳು. ಸೆಕ್ಯುರಿಟಿ ಗಾರ್ಡ್ ಮುಂದಿನ ಸಿಸಿಟಿವಿ ಹಾಗಿರುತ್ತೆ. ಒಂದು ಸಲಕ್ಕೆ ಒಂದೇ ರೂಮು, ತುಂಬು ಪರದೆ, ಮೂಲೆಯಲ್ಲಿ ‘ಮುಂದೆ: ಕ್ವಿಜ್ ಫೈನಲ್, 12:20ಕ್ಕೆ’ ಅಂತ ಕನ್ನಡದಲ್ಲಿ ಒಂದು ಪಟ್ಟಿ. ಸಾಕು.

ಸರಿ, ಇದು ಆಗೋ ಕೆಲಸಾನಾ? ಆಗುತ್ತೆ, ನಮ್ಮ ಹತ್ರ ಇರೋ ಸಾಮಾನಲ್ಲೇ ಆಗುತ್ತೆ. ಇಲ್ಲಿ ಸ್ವಲ್ಪ ಟೆಕ್ನಿಕಲ್ ಆಗ್ತೀನಿ, ಸಿವಿಲ್‌ನವರು ಸಹಿಸಿಕೊಳ್ಳಿ.

ಮೊದಲ ಪ್ರಶ್ನೆ, ಒಂದು ರೂಮಿನ ಚಿತ್ರ ಕಂಟ್ರೋಲ್ ರೂಮಿಗೆ ಹೇಗೆ ಬರಬೇಕು. ಎಚ್‌ಡಿಎಂಐ ಕೇಬಲ್ ಎಳೆಯೋಣ ಅಂತ ಯೋಚನೆ ಬರೋದು ಸಹಜ. ಸಾಮಾನ್ಯ ಎಚ್‌ಡಿಎಂಐ ಕೇಬಲನ್ನ ಹತ್ತು-ಹದಿನೈದು ಮೀಟರ್ ದಾಟಿದ ಮೇಲೆ ನಂಬೋ ಹಾಗಿಲ್ಲ, ಬ್ಲಾಕಿಂದ ಬ್ಲಾಕಿಗಂತೂ ಮಾತೇ ಇಲ್ಲ. ಆದ್ರೆ ಪ್ರತಿ ರೂಮಿನ ಗೋಡೆಯಲ್ಲೂ ಒಂದು ಲ್ಯಾನ್ ಪೋರ್ಟ್ ಇದೆ, ಧೂಳು ಹಿಡಿದು ಕೂತಿದೆ. ಈಥರ್ನೆಟ್ ಕೇಬಲ್ ಒಂದೇ ಎಳೆಯಲ್ಲಿ ನೂರು ಮೀಟರ್ ಹೋಗುತ್ತೆ, ಆಮೇಲೆ ಸ್ವಿಚ್ ಇರುತ್ತೆ. ಅಂದ್ರೆ ದಾರಿ ಆಗಲೇ ಇದೆ. ಅದರ ಮೇಲೆ ಚಿತ್ರ ಕಳಿಸಬೇಕು ಅಷ್ಟೇ.

ಕಳಿಸೋಕೆ ಎನ್‌ಡಿಐ ಅಂತ ಒಂದು ವಿಧಾನ ಇದೆ, ತುಂಬಾ ಚೆನ್ನಾಗಿದೆ, ತಡ ಅನ್ನೋದೇ ಗೊತ್ತಾಗಲ್ಲ. ಆದ್ರೆ ಪೂರ್ತಿ ಗುಣಮಟ್ಟದ ಎನ್‌ಡಿಐ 1080ಪಿ ಚಿತ್ರಕ್ಕೆ, ಸೆಕೆಂಡಿಗೆ 60 ಫ್ರೇಮ್ ಇದ್ದರೆ, 100 ಎಂಬಿಪಿಎಸ್‌ಗೂ ಮೇಲೆ ಬೇಕು. ಹಳೇ ಲ್ಯಾಬಿನ 100 ಎಂಬಿಪಿಎಸ್ ಸ್ವಿಚ್ಚುಗಳು ಒಂದಕ್ಕೇ ಮಂಡಿಯೂರುತ್ತವೆ. ಜೊತೆಗೆ ಅದು ಬೇರೆ ಮೆಷಿನ್ನುಗಳನ್ನ ಹುಡುಕಿಕೊಳ್ಳೋ ರೀತಿ ಒಂದೇ ನೆಟ್‌ವರ್ಕಿನೊಳಗೆ ಮಾತ್ರ ತಾನಾಗೇ ಕೆಲಸ ಮಾಡುತ್ತೆ. ನಮ್ಮ ಕ್ಯಾಂಪಸ್ಸಲ್ಲಿ ಬ್ಲಾಕಿಗೊಂದು ವಿಲ್ಯಾನ್. ಮೆಕ್ಯಾನಿಕಲ್ ಬ್ಲಾಕಿನ ಕ್ಯಾಮೆರಾ ನಮ್ಮ ಲಿಸ್ಟಲ್ಲಿ ಕಾಣಿಸೋದೇ ಇಲ್ಲ.

ನನ್ನ ಆಯ್ಕೆ ಎಸ್‌ಆರ್‌ಟಿ. ರೂಮಿಗೊಂದು ಲ್ಯಾಪ್‌ಟಾಪು, ಅದರಲ್ಲಿ ಓಬಿಎಸ್ ಸ್ಟುಡಿಯೋ. 2012ರಿಂದ ಬೆಳೆದು ಬಂದಿರೋ ಉಚಿತ, ಓಪನ್ ಸೋರ್ಸ್ ತಂತ್ರಾಂಶ ಅದು, ಗೇಮ್ ಸ್ಟ್ರೀಮ್ ಮಾಡೋ ನಮ್ಮ ಹುಡುಗರಲ್ಲಿ ಅರ್ಧ ಜನರ ಲ್ಯಾಪ್‌ಟಾಪಲ್ಲಿ ಆಗಲೇ ಇದೆ. ಅಲ್ಲಿಂದ ಚಿತ್ರ, ಶಬ್ದ ಎರಡನ್ನೂ ಒಟ್ಟಿಗೆ ಮಡಚಿ ಸುಮಾರು 4 ಎಂಬಿಪಿಎಸ್‌ಗೆ ಕಂಟ್ರೋಲ್ ರೂಮಿನ ಲ್ಯಾಪ್‌ಟಾಪಿಗೆ ಕಳಿಸೋದು. ಅಲ್ಲೂ ಓಬಿಎಸ್. ಅದರಲ್ಲಿ ರೂಮಿಗೊಂದು ಸೀನ್. ಹಳೇ ಆರ್‌ಟಿಎಂಪಿ ಯಾಕೆ ಬೇಡ ಅಂದ್ರೆ ಅದು ಟಿಸಿಪಿ ಮೇಲೆ ಓಡುತ್ತೆ. ಒಂದು ಪ್ಯಾಕೆಟ್ ಕಳೆದುಹೋದ್ರೆ ಅದು ಮತ್ತೆ ಬರೋವರೆಗೂ ಹಿಂದಿನದೆಲ್ಲ ಕ್ಯೂನಲ್ಲಿ ನಿಲ್ಲುತ್ತೆ, ತಡ ಬೆಳೀತಾ ಹೋಗುತ್ತೆ. ಎಸ್‌ಆರ್‌ಟಿ ಯುಡಿಪಿ ಮೇಲೆ ಓಡುತ್ತೆ, ಕಳೆದ ಪ್ಯಾಕೆಟ್ಟನ್ನ ಮತ್ತೆ ಕೇಳುತ್ತೆ, ಆದ್ರೆ ನಾವು ಕೊಟ್ಟ ಸಮಯದೊಳಗೆ ಮಾತ್ರ. ಮೊದಲೇ ಹಾಕಿರೋ ಗಡುವು 120 ಮಿಲಿಸೆಕೆಂಡ್. ಅಷ್ಟರಲ್ಲಿ ಬರಲಿಲ್ಲ ಅಂದ್ರೆ ‘ಹೋಗ್ಲಿ ಬಿಡು’ ಅಂತ ಮುಂದೆ ನಡೆಯುತ್ತೆ. ಬಸ್ ಕಂಡಕ್ಟರ್ ಥರ. ಕಂಪ್ಯೂಟರ್ ನೆಟ್‌ವರ್ಕ್ಸ್ ನಮಗಿನ್ನೂ ಬಂದಿಲ್ಲ, ಐದನೇ ಸೆಮ್‌ಗೆ ಬರುತ್ತಂತೆ, ಆದ್ರೆ ಟಿಸಿಪಿಗೂ ಯುಡಿಪಿಗೂ ಏನು ವ್ಯತ್ಯಾಸ ಅಂತ ಇದಕ್ಕಿಂತ ಚೆನ್ನಾಗಿ ಯಾವ ಪಿಪಿಟಿಯೂ ಹೇಳಲ್ಲ ಅಂತ ನನ್ನ ನಂಬಿಕೆ. ವಿಳಾಸ, ಪೋರ್ಟ್ ನಂಬರ್ ನಾವೇ ಬರೆದು ಕೊಡೋದರಿಂದ ವಿಲ್ಯಾನ್ ದಾಟಿಸೋದೂ ಸುಲಭ. ನೆಟ್‌ವರ್ಕ್ ನೋಡಿಕೊಳ್ಳೋ ಸರ್ ಹತ್ರ ಹೋಗಿ ಒಂದೇ ಒಂದು ಯುಡಿಪಿ ದಾರಿ ತೆರೆಸಿಕೊಂಡ್ರೆ ಆಯ್ತು.

ಇಲ್ಲೇ ಒಂದೇ ಸ್ಟ್ರೀಮ್ ಪರವಾದ ಇನ್ನೊಂದು ಲೆಕ್ಕಾನೂ ಇದೆ. ನಾಲ್ಕು ರೂಮಿಂದ 4ರಂತೆ 16 ಎಂಬಿಪಿಎಸ್ ಕ್ಯಾಂಪಸ್ ಒಳಗೇ ಓಡಾಡುತ್ತೆ, ಅದು ಲೆಕ್ಕಕ್ಕೇ ಇಲ್ಲ. ಹೊರಗೆ ಇಂಟರ್‌ನೆಟ್ಟಿಗೆ ಹೋಗೋದು ಬರೀ ಒಂದು ಸ್ಟ್ರೀಮ್. ನಾಲ್ಕು ಫೋನು ಅದೇ ಗುಣಮಟ್ಟದಲ್ಲಿ ಬೇರೆ ಬೇರೆ ಲೈವ್ ಹೋದ್ರೆ ನಾಲ್ಕು ಪಟ್ಟು ಅಪ್‌ಲೋಡ್, ಅದೂ ಫೆಸ್ಟ್ ದಿನದ ವೈಫೈ ಮೇಲೆ. ಫೆಸ್ಟ್ ದಿನದ ನಮ್ಮ ವೈಫೈ ಬಗ್ಗೆ ಬರೆಯೋಕೆ ಹೋದ್ರೆ ಅದು ಬೇರೆ ಲೇಖನ, ಬಹುಶಃ ಹಾಸ್ಯ ವಿಭಾಗಕ್ಕೆ.

ಒಂದು ಸಣ್ಣ ಸೆಟ್ಟಿಂಗ್ ಬಗ್ಗೆ ಹೇಳಲೇಬೇಕು. ಓಬಿಎಸ್‌ನಲ್ಲಿ ಮೀಡಿಯಾ ಸೋರ್ಸ್ ಹಾಕುವಾಗ, ಕಾಣಿಸದೇ ಇದ್ದಾಗ ಅದನ್ನ ಮುಚ್ಚಿಬಿಡೋ ಆಯ್ಕೆ ಇರುತ್ತೆ. ಅದನ್ನ ಆರಿಸಿರಬಾರದು. ಆರಿಸಿದ್ರೆ ಆಡಿಟೋರಿಯಂನಿಂದ ಸೆಮಿನಾರ್ ಹಾಲ್‌ಗೆ ಬದಲಿಸಿದಾಗಲೆಲ್ಲ ಮತ್ತೆ ಕನೆಕ್ಟ್ ಆಗೋವರೆಗೂ ಕಪ್ಪು ಪರದೆ. ಎಲ್ಲಾ ರೂಮುಗಳೂ ಹಿಂದೆ ಓಡ್ತಾನೇ ಇರಬೇಕು, ನಾವು ಬಾಗಿಲು ತೆರೆದು ನೋಡೋದಷ್ಟೇ ಬಾಕಿ ಇರಬೇಕು.

ಈಗ ನನಗೆ ನಿಜವಾಗಿ ಸಿಟ್ಟು ಬರೋ ವಿಷಯ, ಶಬ್ದ. ಸ್ಟ್ರೀಮ್ ಅಂದ ಕೂಡಲೇ ಎಲ್ರೂ ಕ್ಯಾಮೆರಾ ಬಗ್ಗೆ ಕೇಳ್ತಾರೆ. ‘ಫೋರ್ ಕೆ ಇದ್ಯಾ?’ ಅಣ್ಣ, ಫೋರ್ ಕೆ ಯಾರಿಗೆ ಬೇಕು? ಒಂದು ಲೆಕ್ಕ ಮಾಡಿ ನೋಡಿ. 720ಪಿ ಚಿತ್ರವನ್ನ 3 ಎಂಬಿಪಿಎಸ್‌ನಲ್ಲಿ ನೋಡಿದ್ರೆ ಗಂಟೆಗೆ 1.35 ಜಿಬಿ. ದಿನಕ್ಕೆ ಒಂದೂವರೆ ಜಿಬಿ ಪ್ಯಾಕ್ ಇರೋ ಮನೆಯಲ್ಲಿ ಒಂದು ಗಂಟೆ ಚಿಲ್ಲರೆಗೆ ಡೇಟಾ ಮುಗೀತು. ಆದ್ದರಿಂದ ಅವರು ಗುಣಮಟ್ಟ ಇಳಿಸ್ತಾರೆ, ಅಥವಾ ಸಿಗ್ನಲ್ ಇಲ್ಲ ಅಂತ ಯೂಟ್ಯೂಬೇ ಇಳಿಸುತ್ತೆ. ಚಿತ್ರ 144ಪಿಗೆ ಬಂದು ಮುಖ ಮೊಸರಾಗುತ್ತೆ. ಆದ್ರೆ ಶಬ್ದಕ್ಕೆ ಬೇಕಿರೋದೇ ಸ್ವಲ್ಪ. 128 ಕೆಬಿಪಿಎಸ್ ಶಬ್ದ ಗಂಟೆಗೆ ಅರವತ್ತು ಎಂಬಿಯೂ ಆಗಲ್ಲ. ಹಳ್ಳಿಯಲ್ಲಿ ಒಂದು ಕಡ್ಡಿ ಸಿಗ್ನಲ್‌ನಲ್ಲಿ ಕೂತಿರೋರಿಗೆ ಕೊನೆಗೂ ತಲುಪೋದು ದನಿಯೇ. ಅದು ಹಾಲ್ ಹಿಂದೆ ಇಟ್ಟ ಫೋನಿನ ಮೈಕಲ್ಲಿ ಫ್ಯಾನ್ ಸದ್ದಿನ ಜೊತೆ ಬಂದ್ರೆ, ಚರ್ಚೆ ಮಾಡಿದವಳು ಯಾವ ಭಾಷೆಯಲ್ಲಿ ಮಾತಾಡಿದಳು ಅಂತಾನೂ ಗೊತ್ತಾಗಲ್ಲ.

ಹಿಂದಿನ ಸಾಲಲ್ಲಿ ಫೋನ್ ಇಟ್ಟರೆ ಇನ್ನೊಂದು ತಾಪತ್ರಯ ಇದೆ. ಶಬ್ದ ಒಂದು ಮೀಟರ್ ಬರೋಕೆ ಸುಮಾರು 3 ಮಿಲಿಸೆಕೆಂಡ್ ತಗೊಳ್ಳುತ್ತೆ. ಹದಿನೈದು ಮೀಟರ್ ದೂರದಿಂದ 44 ಮಿಲಿಸೆಕೆಂಡ್, ಅಂದ್ರೆ ಒಂದು ಫ್ರೇಮಿಗಿಂತ ಜಾಸ್ತಿ ತಡ. ಮೇಲೆ ಗೋಡೆ ಗೋಡೆಗೂ ಬಡಿದು ಬರೋ ಪ್ರತಿಧ್ವನಿ. ಬದಲಿಗೆ ರೂಮಿನ ಮೈಕ್ ಯಾವ ಆಂಪ್ಲಿಫೈಯರ್‌ಗೆ ಹೋಗ್ತಿದೆಯೋ ಅಲ್ಲಿಂದಲೇ ಒಂದು ವೈರ್ ತಂದು ಆ ರೂಮಿನ ಲ್ಯಾಪ್‌ಟಾಪಿಗೆ ಕೊಡಬೇಕು. ಆಗ ಇನ್ನೊಂದು ಭೂತ ಬರುತ್ತೆ, ‘ಹುಂಮ್’ ಅನ್ನೋ 50 ಹರ್ಟ್ಜ್ ಗುಂಯ್‌ಗುಡುವಿಕೆ. ಲ್ಯಾಪ್‌ಟಾಪಿನ ಚಾರ್ಜರೂ ಆಂಪ್ಲಿಫೈಯರೂ ಬೇರೆ ಬೇರೆ ಪ್ಲಗ್‌ನಲ್ಲಿ, ಅರ್ಥಿಂಗ್ ಸುತ್ತು ಹಾಕಿಕೊಂಡು ಬಂದಾಗ ಆಗೋದು. ಇಬ್ಬರನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದ್ರೆ ಎಷ್ಟೋ ಸಲ ಹೋಗುತ್ತೆ. ಹೋಗಲಿಲ್ಲ ಅಂದ್ರೆ ನಡುವೆ ಒಂದು ಡಿಐ ಬಾಕ್ಸ್ ಹಾಕಬೇಕು. ಕಮಿಟಿಯವರು ದುಡ್ಡು ಖರ್ಚು ಮಾಡಲೇಬೇಕು ಅಂತಿದ್ರೆ ಅದಕ್ಕೆ ಮಾಡ್ಲಿ, ಕ್ಯಾಮೆರಾಗೆ ನಮ್ಮೆಲ್ಲರ ಫೋನುಗಳೇ ಸಾಕು.

ವೈರ್‌ನಲ್ಲಿ ಬಂದ ಶಬ್ದ ಕ್ಯಾಪ್ಚರ್ ಕಾರ್ಡ್ ದಾಟಿ ಬಂದ ಚಿತ್ರಕ್ಕಿಂತ ಮುಂಚೆ ತಲುಪುತ್ತೆ. ನಮ್ಮ ಕಿವಿಗೆ ಇದು ಬೇಗ ಸಿಕ್ಕಿಹಾಕಿಕೊಳ್ಳುತ್ತೆ. ಸಿಡಿಲಿನಲ್ಲೂ ಬೆಳಕು ಮೊದಲು, ಸದ್ದು ಆಮೇಲೆ ತಾನೇ? ಉಲ್ಟಾ ಆದ್ರೆ ಮನಸ್ಸು ಒಪ್ಪಲ್ಲ. ಕ್ಯಾಮೆರಾ ಮುಂದೆ ಒಬ್ಬ ಚಪ್ಪಾಳೆ ತಟ್ಟಬೇಕು, ರೆಕಾರ್ಡ್ ಮಾಡಿ ಎಷ್ಟು ಫ್ರೇಮ್ ವ್ಯತ್ಯಾಸ ಅಂತ ಎಣಿಸಬೇಕು, ಅಷ್ಟು ಮಿಲಿಸೆಕೆಂಡನ್ನ ಓಬಿಎಸ್‌ನ ಸಿಂಕ್ ಆಫ್‌ಸೆಟ್‌ನಲ್ಲಿ ಹಾಕಬೇಕು. ರೂಮಿಗೆ ಐದು ನಿಮಿಷದ ಕೆಲಸ. ಇದನ್ನ ಆಯಾ ರೂಮಲ್ಲೇ ಮುಗಿಸಬೇಕು. ಚಿತ್ರ ಒಂದು ದಾರಿ, ಶಬ್ದ ಇನ್ನೊಂದು ದಾರಿ ಅಂತ ಕಂಟ್ರೋಲ್ ರೂಮಿಗೆ ತಂದು ಅಲ್ಲಿ ಜೋಡಿಸೋಕೆ ಹೋದ್ರೆ ಸಾಯಂಕಾಲದವರೆಗೂ ಜೋಡಿಸ್ತಾನೇ ಇರಬೇಕು.

ಲೈಟ್ ಬಗ್ಗೆ ಒಂದೇ ಮಾತು. ನಮ್ಮ ಕರೆಂಟು 50 ಹರ್ಟ್ಜ್. ಕ್ಯಾಮೆರಾದ ಆ್ಯಂಟಿ ಫ್ಲಿಕರ್ 60ಕ್ಕೆ ಇದ್ರೆ ಟ್ಯೂಬ್‌ಲೈಟ್ ಕೆಳಗೆ ಪರದೆ ಮೇಲೆ ಪಟ್ಟೆ ಪಟ್ಟೆ ಓಡುತ್ತೆ. 50ಕ್ಕೆ ಬದಲಿಸಿ, ಮುಗೀತು.

ಇಷ್ಟೆಲ್ಲ ಯಂತ್ರದ ಮಾತಾಯ್ತು. ಆದ್ರೆ ಹೋದ ವರ್ಷದ್ದು ಯಂತ್ರದ ಸಮಸ್ಯೆ ಆಗಿರಲಿಲ್ಲ ಅನ್ನೋದು ಮರೀಬಾರದು. ಯಾವ ರೂಮು ಯಾವಾಗ ತೋರಿಸಬೇಕು ಅಂತ ನಿರ್ಧರಿಸೋರು ಯಾರು, ಅದೇ ಪ್ರಶ್ನೆ. ಒಂದೇ ಸ್ಟ್ರೀಮ್ ಮಾಡಿದ್ರೆ ಈ ಅಧಿಕಾರ ಒಬ್ಬರ ಬೆರಳಿಗೆ ಬರುತ್ತೆ. ಆ ಬೆರಳು ಜನ ಜಾಸ್ತಿ ಇರೋ ಕಡೆಗೇ ವಾಲುತ್ತೆ. ಆಡಿಟೋರಿಯಂನಲ್ಲಿ ಶಿಳ್ಳೆ ಬಿದ್ದ ತಕ್ಷಣ ‘ಅಲ್ಲಿಗೆ ಹೋಗು, ಅಲ್ಲಿಗೆ ಹೋಗು’ ಅಂತ ಹಿಂದೆ ನಿಂತವರು ಕೂಗ್ತಾರೆ. ಅದಕ್ಕೆ ನನ್ನ ಪಟ್ಟು, ಫೆಸ್ಟ್‌ಗೆ ಎರಡು ದಿನ ಮುಂಚೆ ನಿಮಿಷದ ಲೆಕ್ಕದ ಪಾಳಿ ಪಟ್ಟಿ ಪ್ರಿಂಟ್ ಆಗಿ ನಾಲ್ಕೂ ರೂಮಿನ ಬಾಗಿಲಿಗೆ ಅಂಟಿರಬೇಕು. ಚರ್ಚೆಯ ಫೈನಲ್‌ಗೆ ಇಷ್ಟು ಹೊತ್ತು ಅಂತ ಬರೆದಿದ್ರೆ ಅಷ್ಟು ಹೊತ್ತು, ಆಡಿಟೋರಿಯಂಗೆ ಯಾವ ಸೆಲೆಬ್ರಿಟಿ ಬಂದ್ರೂ ಅಷ್ಟೇ. ಒಬ್ಬ ಸ್ಪರ್ಧಿಯ ಮೇಲೆ ಹೋದ ಮೇಲೆ ಅವರ ಸರದಿ ಮುಗಿಯೋವರೆಗೂ ಅಲ್ಲಿಂದ ಕದಲಬಾರದು.

ಮತ್ತೆ ಬದಲಿಸೋ ಸೀಟಲ್ಲಿ ಕೂರೋರಿಗೆ ಕನ್ನಡ ಚೆನ್ನಾಗಿ ಬರ್ತಿರಬೇಕು. ಇದು ಕನ್ನಡ ಕ್ಲಬ್ಬಿನ ಅಭಿಮಾನದ ಮಾತು ಅಂತ ನಗಬೇಡಿ, ಪಕ್ಕಾ ಕೆಲಸದ ಮಾತು. ಹಾಡು ಯಾವಾಗ ಮುಗೀತು ಅಂತ ಯಾರಿಗಾದ್ರೂ ಗೊತ್ತಾಗುತ್ತೆ. ವಾದ ಯಾವಾಗ ಮುಗೀತು ಅನ್ನೋದು ಭಾಷೆ ಗೊತ್ತಿರೋರಿಗೆ ಮಾತ್ರ ಗೊತ್ತಾಗೋದು. ‘ಆದರೆ’ ಅಂತ ಹೇಳಿ ಒಬ್ಬಳು ಉಸಿರು ತಗೊಂಡಾಗ ಭಾಷೆ ಬಾರದವನು ಮಾತು ಮುಗೀತು ಅಂದ್ಕೊಂಡು ಕಟ್ ಮಾಡ್ತಾನೆ. ಅವಳ ಅಸಲಿ ಪಾಯಿಂಟು ಬರ್ತಿದ್ದದ್ದು ಆ ‘ಆದರೆ’ಯ ಆಚೆಗೆ. ನಾನು ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ, ಚರ್ಚಾಸ್ಪರ್ಧೆಯ ಕನ್ನಡ ನನಗೇ ಅರ್ಧ ಸಲ ತಲೆ ಮೇಲಿಂದ ಹೋಗುತ್ತೆ. ಆದ್ದರಿಂದ ಆ ಸೀಟಿಗೆ ನಾನಲ್ಲ. ಸೆಮಿನಾರ್ ಹಾಲಿನ ವೈರು ನೋಡಿಕೊಳ್ತೀನಿ.

ಇನ್ನು ನನ್ನ ವಾದದಲ್ಲೇ ಇರೋ ಒಂದು ತೂತು. ಸಿನಿಮಾ ಹಾಡು. ಯೂಟ್ಯೂಬ್ ಲೈವ್ ನಡೆಯುವಾಗಲೇ ಕಾಪಿರೈಟ್ ಇರೋ ಹಾಡನ್ನ ಗುರುತು ಹಿಡಿಯುತ್ತೆ, ಚಿತ್ರ ತೆಗೆದು ಸ್ಥಿರ ಫಲಕ ಹಾಕಬಹುದು, ಸ್ಟ್ರೀಮನ್ನೇ ನಿಲ್ಲಿಸಬಹುದು. ನಾಲ್ಕು ಲಿಂಕ್ ಇದ್ರೆ ಡ್ಯಾನ್ಸಿನ ಲಿಂಕ್ ಒಂದೇ ಹೋಗುತ್ತೆ. ಒಂದೇ ಲಿಂಕ್ ಇದ್ರೆ ಡ್ಯಾನ್ಸಿನ ಪಾಪಕ್ಕೆ ಚರ್ಚೆಯೂ ಹೋಗುತ್ತೆ. ಇದಕ್ಕೆ ಪೂರ್ತಿ ಉತ್ತರ ನನ್ನ ಹತ್ರ ಇಲ್ಲ. ಸಿನಿಮಾ ಹಾಡಿನ ಡ್ಯಾನ್ಸುಗಳನ್ನ ಲೈವ್‌ಗೆ ಹಾಕದೆ ರೆಕಾರ್ಡ್ ಮಾತ್ರ ಮಾಡೋದು, ಆ ಹೊತ್ತಲ್ಲಿ ಉಳಿದ ಮೂರು ರೂಮಿಗೆ ಸಮಯ ಕೊಡೋದು, ಬ್ಯಾಂಡು, ಜಾನಪದ, ಸ್ವಂತ ಹಾಡುಗಳನ್ನ ಲೈವ್ ಹಾಕೋದು. ಡ್ಯಾನ್ಸ್ ಟೀಮಿನವರಿಗೆ ಬೇಜಾರಾಗುತ್ತೆ, ಗೊತ್ತು. ಹೋದ ವರ್ಷ ಬೇಜಾರಾಗಿದ್ದು ಬೇರೆಯವರಿಗೆ, ಅಷ್ಟೇ ವ್ಯತ್ಯಾಸ.

ಲೈವ್ ಏನೇ ಆಗ್ಲಿ, ಪ್ರತಿ ರೂಮಿನ ಲ್ಯಾಪ್‌ಟಾಪಲ್ಲೂ ಪೂರ್ತಿ ರೆಕಾರ್ಡಿಂಗ್ ಓಡ್ತಿರಬೇಕು. ಇದು ಮಾತ್ರ ಚೌಕಾಸಿಗೆ ಇಲ್ಲ. 6 ಎಂಬಿಪಿಎಸ್‌ನಲ್ಲಿ ಗಂಟೆಗೆ 2.7 ಜಿಬಿ, ದಿನವಿಡೀ ಮಾಡಿದ್ರೂ ಒಂದು ಪೆನ್‌ಡ್ರೈವಿಗೆ ಹಿಡಿಸುತ್ತೆ. ಎಂಕೆವಿ ಫೈಲಾಗಿ ಉಳಿಸಬೇಕು. ಸಾಮಾನ್ಯ ಎಂಪಿ4 ಆದ್ರೆ ನಡುವೆ ಕರೆಂಟ್ ಹೋಗಿ ಮೆಷಿನ್ ಆಫ್ ಆದಾಗ ಪೂರ್ತಿ ಫೈಲೇ ತೆರೆಯಲ್ಲ, ಎಂಕೆವಿಯಲ್ಲಿ ಅಲ್ಲಿವರೆಗಿನದು ಉಳಿಯುತ್ತೆ. ಕರೆಂಟ್ ವಿಷಯ ಬಂತಲ್ಲ, ಲ್ಯಾಪ್‌ಟಾಪಿಗೆ ಬ್ಯಾಟರಿ ಇದೆ, ಕಾರಿಡಾರಿನ ಪೆಟ್ಟಿಗೆಯಲ್ಲಿರೋ ನೆಟ್‌ವರ್ಕ್ ಸ್ವಿಚ್ಚಿಗೆ ಇಲ್ಲ. ಅದಕ್ಕೊಂದು ಯುಪಿಎಸ್ ಬೇಕು. ಈ ಬಡಪಾಯಿ ಸ್ವಿಚ್ಚನ್ನ ಎಲ್ರೂ ಮರೀತಾರೆ.

ತೋರಿಸಿಕೊಳ್ಳೋಕೆ ಇಷ್ಟ ಇಲ್ಲದವರ ಮಾತೂ ಇದೆ. ಸ್ಪರ್ಧೆಗೆ ಹೆಸರು ಕೊಡುವಾಗಲೇ ಲೈವ್ ಬೇಕಾ ಬೇಡ್ವಾ ಅಂತ ಕೇಳಬೇಕು, ಬೇಡ ಅಂದವರ ಸರದಿಗೆ ಬೇರೆ ರೂಮಿಗೆ ಹೋಗಬೇಕು, ಕಾರಣ ಕೇಳಬಾರದು. ಕ್ಯಾಮೆರಾ ಲೈವ್ ಇರುವಾಗ ಬಾಗಿಲ ಹೊರಗೆ ಒಂದು ಕೆಂಪು ಬಲ್ಬ್ ಉರೀಬೇಕು. ಎಲೆಕ್ಟ್ರಾನಿಕ್ಸ್‌ನವರಿಗೆ ಅದು ಒಂದು ಸಂಜೆಯ ಪ್ರಾಜೆಕ್ಟು. ಇನ್ನು ಕೆಲವರು ‘ಇಷ್ಟೆಲ್ಲ ಯಾಕೆ, ಒಂದು ಮೀಟಿಂಗ್ ಲಿಂಕ್ ಮಾಡಿ ನಾಲ್ಕೂ ರೂಮಿನವರು ಜಾಯಿನ್ ಆಗ್ಲಿ’ ಅಂತಾರೆ. 2023ರ ಡಿಸೆಂಬರಿನಲ್ಲಿ ಕರ್ನಾಟಕ ಹೈಕೋರ್ಟಿನ ವಿಡಿಯೋ ಕಾನ್ಫರೆನ್ಸಿಗೆ ಯಾರೋ ನುಗ್ಗಿ ಅಶ್ಲೀಲ ದೃಶ್ಯ ಹಾಕಿದ್ರು, ಲೈವ್ ಸ್ಟ್ರೀಮಿಂಗನ್ನೇ ತಾತ್ಕಾಲಿಕವಾಗಿ ನಿಲ್ಲಿಸಬೇಕಾಯ್ತು. ಹೈಕೋರ್ಟಿಗೇ ಹಾಗಾದ ಮೇಲೆ, ನಮ್ಮ ಫೆಸ್ಟ್ ಲಿಂಕ್ ಹಾಸ್ಟೆಲ್ ಗ್ರೂಪುಗಳಿಗೆ ಬಿದ್ರೆ ಏನಾಗುತ್ತೆ ಅಂತ ನಾನು ಹೇಳಬೇಕಾ? ಎಸ್‌ಆರ್‌ಟಿಗೆ ಪಾಸ್‌ಫ್ರೇಸ್ ಹಾಕಬಹುದು, ಅದು ಗೊತ್ತಿಲ್ಲದ ಮೆಷಿನ್ ಒಳಗೆ ಬರಲ್ಲ.

‘ಇದೆಲ್ಲ ಪ್ರೊಫೆಷನಲ್ಸ್ ಮಾಡೋ ಕೆಲಸ, ನಮ್ಗೆ ಇಂಟರ್ನಲ್ಸ್ ಇದೆ’ ಅನ್ನೋರಿಗೆ ಎರಡು ಉದಾಹರಣೆ. 2023ರ ಸೆಪ್ಟೆಂಬರಿನಲ್ಲಿ ಡೆಬಿಯನ್ ಸಮ್ಮೇಳನ ನಮ್ಮ ಪಕ್ಕದ ಕೊಚ್ಚಿಯಲ್ಲೇ ನಡೀತು. ಆ ಸಮ್ಮೇಳನದಲ್ಲಿ ಕ್ಯಾಮೆರಾ ಹಿಡಿಯೋರು, ಮಿಕ್ಸರ್ ಮುಂದೆ ಕೂರೋರು ಸಮ್ಮೇಳನಕ್ಕೆ ಬಂದ ವಾಲಂಟಿಯರ್‌ಗಳೇ, ಅಲ್ಲೇ ಸ್ವಲ್ಪ ಹೊತ್ತು ಕಲಿತು ಕೂರ್ತಾರೆ. ಇನ್ನೊಂದು ಇನ್ನೂ ಹಳೇದು, ಇನ್ನೂ ಹತ್ತಿರದ್ದು. ‘ಆಕಾಶವಾಣಿ’ ಅನ್ನೋ ಹೆಸರು ಎಲ್ಲಿಂದ ಬಂತು ಗೊತ್ತಲ್ಲ? 1935ರಲ್ಲಿ ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದ್ರು. ಅವರು ಎಂಜಿನಿಯರ್ ಅಲ್ಲ, ಮನಃಶಾಸ್ತ್ರದ ಪ್ರೊಫೆಸರ್. ಟ್ರಾನ್ಸ್‌ಮಿಟರ್ ತಂದು ಮನೆಯಲ್ಲಿ ಕೂರಿಸಿದ ಸೈಕಾಲಜಿ ಮೇಷ್ಟ್ರ ಊರಿನ ಪಕ್ಕದಲ್ಲಿ ಕೂತುಕೊಂಡು, ಎಂಜಿನಿಯರಿಂಗ್ ಓದ್ತಿರೋ ನಾವು ಲ್ಯಾನ್ ಕೇಬಲ್ ಚುಚ್ಚೋಕೆ ಹೊರಗಿನವರನ್ನ ಕರೀತೀವಿ ಅಂದ್ರೆ ಸ್ವಲ್ಪ ಕಸಿವಿಸಿ ಆಗುತ್ತೆ ನನಗೆ.

ಜನ ಎಷ್ಟು ಬೇಕು? ರೂಮಿಗೆ ಇಬ್ಬರು, ಒಬ್ಬರು ಕ್ಯಾಮೆರಾಗೆ, ಒಬ್ಬರು ಹೆಡ್‌ಫೋನ್ ಹಾಕ್ಕೊಂಡು ಶಬ್ದ ಕೇಳೋಕೆ. ಹೆಡ್‌ಫೋನ್ ಹಾಕ್ಕೊಂಡು ಏನೂ ಮಾಡದೆ ಕೂರೋ ಈ ಎರಡನೆಯವರೇ ಮುಖ್ಯ, ಯಾಕಂದ್ರೆ ಮೈಕ್ ಸತ್ತಿದೆ ಅಂತ ಹಾಲ್ ಒಳಗಿರೋ ಯಾರಿಗೂ ಗೊತ್ತಾಗಲ್ಲ. ಕಂಟ್ರೋಲ್ ರೂಮಿಗೆ ಮೂವರು: ಬದಲಿಸೋರು, ಪಟ್ಟಿಗಳನ್ನ ಕನ್ನಡದಲ್ಲಿ ಟೈಪ್ ಮಾಡೋರು, ರೂಮುಗಳ ಜೊತೆ ಮಾತಾಡೋರು. ಮಾತಾಡೋಕೆ ಒಂದು ಗ್ರೂಪ್ ಕಾಲ್, ಒಂದೇ ಕಿವಿಯಲ್ಲಿ. ಯೂಟ್ಯೂಬ್ ನೋಡ್ಕೊಂಡು ನಿರ್ದೇಶನ ಕೊಡೋಕಾಗಲ್ಲ, ಅದು ಹಲವು ಸೆಕೆಂಡ್ ಹಿಂದಿನ ಸುದ್ದಿ. ಒಟ್ಟು ಹನ್ನೊಂದು ಜನ, ಪಾಳಿ ಬದಲಾಯಿಸಿದ್ರೆ ಇಪ್ಪತ್ತೆರಡು. ನಮ್ಮ ಕ್ಲಬ್ಬಿನ ಗ್ರೂಪಲ್ಲಿ ಬೆಳಗ್ಗೆ ಗುಡ್ ಮಾರ್ನಿಂಗ್ ಹಾಕೋರೇ ಇದಕ್ಕಿಂತ ಜಾಸ್ತಿ ಇದ್ದಾರೆ.

ಕಮಿಟಿ ಮೀಟಿಂಗ್ ಬರೋ ಬುಧವಾರ. ಅಷ್ಟರೊಳಗೆ ಆಗಬೇಕಾದ್ದು ಎರಡಿದೆ. ಕ್ಲಬ್ಬಿನ ಯೂಟ್ಯೂಬ್ ಚಾನೆಲ್ಲಿನಲ್ಲಿ ಲೈವ್ ಆನ್ ಮಾಡೋಕೆ ಇವತ್ತೇ ಒತ್ತಬೇಕು, ಮೊದಲ ಸಲ 24 ಗಂಟೆವರೆಗೂ ತಗೊಳ್ಳುತ್ತೆ, ಫೆಸ್ಟ್ ಬೆಳಗ್ಗೆ ನೆನಪಾದ್ರೆ ಉಪಯೋಗ ಇಲ್ಲ. ಇನ್ನೊಂದು, ಡ್ರಾಯಿಂಗ್ ಹಾಲಿನ ಲ್ಯಾನ್ ಪೋರ್ಟ್ ಬದುಕಿದ್ಯಾ ಅಂತ ನೋಡಬೇಕು. ಸೋಮವಾರ ನಾಲ್ಕೂವರೆಗೆ ಲ್ಯಾಬ್ ಮುಗಿದ ಮೇಲೆ ನಾನು ಮತ್ತು ಇನ್ನಿಬ್ಬರು ಅಲ್ಲಿರ್ತೀವಿ. ಬರೋರು ಹೆಡ್‌ಫೋನ್ ತನ್ನಿ. ಉದ್ದ ವೈರಿನ ಎಕ್ಸ್‌ಟೆನ್ಷನ್ ಬೋರ್ಡ್ ಯಾರ ಹತ್ರ ಇದ್ರೂ ಅದನ್ನೂ ತನ್ನಿ, ಹೆಸರು ಬರೆದು ಅಂಟಿಸಿಕೊಂಡು.